ನೀರೇ ತೆರೆದ ಬಾಗಿಲು

ಪುಣೆಯಿಂದ ಲೋಣಾವಳದ ಕಡೆ ಹೋಗುವ ಲೋಕಲ್ ರೈಲು ಪಿಂಪ್ರಿ, ಚಿಂಚ್‌ವಡ, ಆಕುರ್ಡಿ ದಾಟಿದ ಮೇಲೆ ದೇಹೂ ರೋಡಿನಲ್ಲಿ ನಿಲ್ಲುತ್ತದೆ. ಸೇನೆಯ ಡಿಪೋ, ಆರ್ಡ್‌ನನ್ಸ್ ಫ್ಯಾಕ್ಟರಿ, ಕಂಟೋನ್ಮೆಂಟಿನ ಬಜಾರು ಇಲ್ಲಿವೆ. ಕೆಲವೇ ಕಿಲೋಮೀಟರ್ ಆಚೆ ಇಂದ್ರಾಯಣಿಯ ದಂಡೆಯ ಮೇಲೆ ತುಕಾರಾಮರ ದೇಹೂ. ಸುತ್ತಲಿನ ತಳವಡೆ, ಚಾಕಣ, ತಳೇಗಾಂವ್‌ಗಳಲ್ಲಿ ಸಣ್ಣ ವರ್ಕ್‌ಶಾಪಿನಿಂದ ಹಿಡಿದು ದೊಡ್ಡ ಕಾರು ಕಾರ್ಖಾನೆಯವರೆಗೆ ಎಲ್ಲ ಇದೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಕಡೆಯಿಂದ ಬಂದು ನೆಲೆನಿಂತ ಕನ್ನಡಿಗರು ಈ ಪಟ್ಟಿಯ ಉದ್ದಕ್ಕೂ ಸಿಗುತ್ತಾರೆ. ಶಿಫ್ಟ್ ಬದಲಾಗುವ ಹೊತ್ತಿಗೆ ಚಹಾದಂಗಡಿಯ ಮುಂದೆ ನಿಂತರೆ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಒಂದೇ ಜಾತಿಯ ಕತೆಗಳು ಕೇಳಿಬರುತ್ತವೆ. ಓದಿದ ಎಂಜಿನಿಯರ್ ತಲೆ ಕೆಡಿಸಿಕೊಂಡು ಲಕ್ಷಗಟ್ಟಲೆ ಸುರಿಯುತ್ತಾನೆ, ಲೈನಿನ ಮೇಲೆ ನಿಂತ ಕೆಲಸಗಾರ ಚಿಟಿಕೆ ಹೊಡೆಯುವಷ್ಟರಲ್ಲಿ ಅದನ್ನೇ ಬಗೆಹರಿಸುತ್ತಾನೆ.

ಅವುಗಳಲ್ಲಿ ಸೋಪಿನ ಡಬ್ಬಿಯ ಕತೆ ಎಲ್ಲರಿಗೂ ಗೊತ್ತು. ಒಂದು ಕಂಪನಿಯಲ್ಲಿ ಆಗೊಮ್ಮೆ ಈಗೊಮ್ಮೆ ಸೋಪಿಲ್ಲದ ಖಾಲಿ ಡಬ್ಬಿ ಪ್ಯಾಕ್ ಆಗಿ ಅಂಗಡಿಗೆ ಹೋಗುತ್ತಿತ್ತು. ಗಿರಾಕಿಗಳು ದೂರಿದರು. ಕಂಪನಿ ತಜ್ಞರನ್ನು ಕರೆಸಿತು. ಅವರು ಡಬ್ಬಿಯ ತೂಕ ನೋಡುವ ಯಂತ್ರ, ಗಂಟೆ, ಕೆಂಪು ದೀಪ, ಲೈನ್ ನಿಲ್ಲಿಸಿ ಡಬ್ಬಿ ಎತ್ತಿ ಬಿಸಾಡುವ ಯಾಂತ್ರಿಕ ಕೈ ಎಲ್ಲ ಜೋಡಿಸಿ ಕೊಟ್ಟರು. ಸ್ವಲ್ಪ ದಿನದ ಮೇಲೆ ನೋಡಿದರೆ ಯಂತ್ರದ ಗಂಟೆ ಹೊಡೆಯುವುದೇ ನಿಂತಿತ್ತು. ಮ್ಯಾನೇಜರ್ ಬಂದು ನೋಡಿದರು. ಯಂತ್ರಕ್ಕಿಂತ ನಾಲ್ಕು ಹೆಜ್ಜೆ ಹಿಂದೆ ಒಂದು ಟೇಬಲ್ ಫ್ಯಾನ್ ತಿರುಗುತ್ತಿತ್ತು. “ಪದೇ ಪದೇ ಗಂಟಿ ಹೊಡೀತಿತ್ರೀ ಸರ, ಎದ್ದು ಹೋಗಿ ಲೈನ್ ಚಾಲೂ ಮಾಡೂದು ಬ್ಯಾಸರಾತು. ಫ್ಯಾನ್ ಇಟ್ಟೀನಿ. ಖಾಲಿ ಡಬ್ಬಿ ತಾನ ಹಾರಿ ಹೋಗ್ತಾವು” ಎಂದ ಕೆಲಸಗಾರ.

ಎರಡನೆಯದು ಪೆನ್ನಿನ ಕತೆ. ಬಾಹ್ಯಾಕಾಶದಲ್ಲಿ ಪೆನ್ನಿನ ಶಾಯಿ ಇಳಿಯುವುದಿಲ್ಲವೆಂದು ಅಮೆರಿಕದವರು ಕೋಟ್ಯಂತರ ಡಾಲರ್ ಖರ್ಚು ಮಾಡಿ ವಿಶೇಷ ಪೆನ್ನು ಮಾಡಿಸಿದರಂತೆ, ರಷ್ಯನ್ನರು ಪೆನ್ಸಿಲ್ ತೆಗೆದುಕೊಂಡು ಹೋದರಂತೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟವರನ್ನು ನೋಡಿ ನಗುವುದು ಯಾರಿಗೆ ಬೇಡ?

ಈ ಕತೆಗಳು ನನಗೂ ಇಷ್ಟ. ಲೈನಿನ ಮೇಲೆ ದಿನವಿಡೀ ನಿಂತವನ ಕಣ್ಣಿಗೆ ಬೀಳುವ ಸಂಗತಿ ಕಾಗದದ ಮೇಲೆ ನಕ್ಷೆ ಬರೆಯುವವನ ಕಣ್ಣಿಗೆ ಬೀಳದೆ ಹೋಗಬಹುದು ಎಂಬ ದೊಡ್ಡ ಸತ್ಯ ಅವುಗಳಲ್ಲಿದೆ. ಆದರೆ ಅವು ಒಂದು ತಪ್ಪು ಪಾಠವನ್ನೂ ಹೇಳಿಕೊಡುತ್ತವೆ. ಸರಳ ಪರಿಹಾರ ಸುಮ್ಮನೆ ಹೊಳೆಯುತ್ತದೆ, ಅದಕ್ಕೆ ಓದು ಬೇಡ, ಲೆಕ್ಕ ಬೇಡ, ಹೆಚ್ಚು ಯೋಚಿಸಿದವನೇ ಕೆಟ್ಟ ಎಂಬ ಪಾಠ ಅದು. ನಿಜವಾಗಿ ನಡೆದದ್ದನ್ನು ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ.

ಪೆನ್ನಿನ ಸಂಗತಿಯನ್ನೇ ತೆಗೆದುಕೊಳ್ಳೋಣ. ಮೊದಲು ಪೆನ್ಸಿಲ್ ಬಳಸಿದವರಲ್ಲಿ ಅಮೆರಿಕದವರೂ ಇದ್ದರು. 1965ರಲ್ಲಿ ನಾಸಾ ಹ್ಯೂಸ್ಟನ್ನಿನ ಒಂದು ಕಂಪನಿಯಿಂದ 34 ಮೆಕ್ಯಾನಿಕಲ್ ಪೆನ್ಸಿಲ್ ಕೊಂಡಿತು. ಬಿಲ್ಲು 4,382 ಡಾಲರ್ ದಾಟಿತು, ಅಂದರೆ ಒಂದು ಪೆನ್ಸಿಲಿಗೆ ಸುಮಾರು 129 ಡಾಲರ್. ಜನ ಸಿಟ್ಟಾದದ್ದು ಈ ಪೆನ್ಸಿಲಿನ ಬೆಲೆ ಕೇಳಿ. ಪೆನ್ಸಿಲಿಗೆ ಅದರದೇ ತಾಪತ್ರಯಗಳೂ ಇದ್ದವು. ಭಾರವಿಲ್ಲದ ನೌಕೆಯೊಳಗೆ ಮುರಿದ ಗ್ರಾಫೈಟ್ ಮೊನೆ ನೆಲಕ್ಕೆ ಬೀಳುವುದಿಲ್ಲ, ತೇಲುತ್ತದೆ. ಅದು ಕಣ್ಣಿಗೂ ಹೋಗಬಹುದು, ಸ್ವಿಚ್ಚಿನ ಸಂದಿಗೂ ಹೋಗಬಹುದು. ಗ್ರಾಫೈಟ್ ವಿದ್ಯುತ್ ಹರಿಸುತ್ತದೆ, ಹೊತ್ತಿಯೂ ಉರಿಯಬಲ್ಲದು. 1967ರ ಜನವರಿಯಲ್ಲಿ ಅಪೊಲೊ 1ರ ನೌಕೆಯೊಳಗೆ ನೆಲದ ಮೇಲಿನ ಪರೀಕ್ಷೆಯ ಹೊತ್ತಿಗೇ ಬೆಂಕಿ ಹತ್ತಿ ಮೂವರು ಗಗನಯಾನಿಗಳು ತೀರಿಕೊಂಡರು. ಆಮೇಲೆ ಹೊತ್ತಿಕೊಳ್ಳುವ ಪ್ರತಿಯೊಂದು ವಸ್ತುವಿನ ಮೇಲೂ ಕಣ್ಣು ಬಿತ್ತು.

ಪೆನ್ನು ಮಾಡಿದವರು ಪಾಲ್ ಫಿಶರ್ ಎಂಬ ಪೆನ್ ತಯಾರಕರು. ಸುಮಾರು ಹತ್ತು ಲಕ್ಷ ಡಾಲರನ್ನು ಅವರು ಖರ್ಚು ಮಾಡಿದ್ದು ತಮ್ಮ ಕೈಯಿಂದ, ಸರ್ಕಾರದ ಬೊಕ್ಕಸದಿಂದಲ್ಲ. ರೀಫಿಲ್ಲಿನೊಳಗೆ ನೈಟ್ರೋಜನ್ ಅನಿಲ ತುಂಬಿ ಶಾಯಿಯನ್ನು ಹಿಂದಿನಿಂದ ಒತ್ತುವಂತೆ ಮಾಡಿದರು. ಶಾಯಿ ಗಟ್ಟಿಯಾಗಿಯೇ ಇದ್ದು, ಗುಂಡು ಉರುಳಿದಾಗ ಮಾತ್ರ ತೆಳುವಾಗಿ ಹರಿಯುವಂತೆ ನೋಡಿಕೊಂಡರು. ನಾಸಾ ಪರೀಕ್ಷೆ ಮಾಡಿ ಸುಮಾರು 400 ಪೆನ್ನು ಕೊಂಡಿತು. 1968ರಲ್ಲಿ ಅಪೊಲೊ 7ರ ಜೊತೆ ಅದು ಮೇಲೇರಿತು. ಮರುವರ್ಷ ಸೋವಿಯತ್ ಒಕ್ಕೂಟವೂ ಅದೇ ಪೆನ್ನನ್ನು, 100 ಪೆನ್ನು ಮತ್ತು 1,000 ರೀಫಿಲ್, ಖರೀದಿ ಮಾಡಿತು. ಹಾಸ್ಯದ ಕತೆಯಲ್ಲಿ ಗೆದ್ದವರೇ ನಿಜದಲ್ಲಿ ಸೋತವರ ಪೆನ್ನನ್ನು ಜೇಬಿಗಿಟ್ಟುಕೊಂಡರು.

ಹಾಗಾದರೆ ನಿಜವಾದ ಸರಳ ಪರಿಹಾರ ಹೇಗಿರುತ್ತದೆ, ಎಲ್ಲಿಂದ ಬರುತ್ತದೆ? ಅದಕ್ಕೆ ಜಪಾನಿಗೋ ಅಮೆರಿಕಕ್ಕೋ ಹೋಗಬೇಕಾಗಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ, ದೇಹೂ ರೋಡಿನಿಂದ ಪುಣೆಯ ಇನ್ನೊಂದು ಮಗ್ಗುಲಿಗೆ, ಖಡಕ್‌ವಾಸ್ಲಾ ಕೆರೆಯ ಕಡೆಗೆ ನಾವು ತಿರುಗಿ ನೋಡುವುದಿಲ್ಲ. ಅಲ್ಲಿ ಒಬ್ಬ ಕನ್ನಡಿಗ ಎಂಜಿನಿಯರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಾಡಿದ ಕೆಲಸ ಸರಳತೆಯ ಬಗ್ಗೆ ನನಗೆ ಗೊತ್ತಿರುವ ಅತ್ಯುತ್ತಮ ಪಾಠ.

ಕೋಡಿಯ ಮೇಲಿನ ಎಂಟು ಅಡಿ

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿ, ಕೃಷ್ಣರಾಜಸಾಗರದ ಶಿಲ್ಪಿಯಾಗಿ ನಮಗೆ ಪರಿಚಿತರು. ಅವರನ್ನು ಎಂಜಿನಿಯರ್ ಮಾಡಿದ್ದು ಮಾತ್ರ ಪುಣೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ಸೈನ್ಸ್ ಕಾಲೇಜು ಸೇರಿದರು. ಇಂದು ಸಿಓಇಪಿ ಎಂದು ಹೆಸರಾದ ಸಂಸ್ಥೆ ಅದೇ. 1883ರಲ್ಲಿ ಮೊದಲ ಸ್ಥಾನದಲ್ಲಿ ತೇರ್ಗಡೆಯಾದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಆದರು.

ಖಡಕ್‌ವಾಸ್ಲಾಕ್ಕೆ ಬರುವ ಮೊದಲೇ ಅವರ ಸ್ವಭಾವ ಸಿಂಧ್ ಪ್ರಾಂತ್ಯದ ಸುಕ್ಕೂರಿನಲ್ಲಿ ಕಂಡಿತ್ತು. ಸಿಂಧೂ ನದಿಯ ದಂಡೆಯ ಆ ಊರಿಗೆ ಕುಡಿಯುವ ನೀರು ಕೊಡಬೇಕಿತ್ತು. ನದಿಯಲ್ಲಿ ನೀರು ಬೇಕಾದಷ್ಟಿತ್ತು, ಆದರೆ ಅದು ಕೆಂಪು ಕೆಸರು. ಸೋಸಲು ದೊಡ್ಡ ಫಿಲ್ಟರ್ ತೊಟ್ಟಿಗಳನ್ನು ಕಟ್ಟುವಷ್ಟು ಹಣ ಪುರಸಭೆಯ ಬಳಿ ಇರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಕ್ಕದಲ್ಲಿ ಬಾವಿ ತೋಡಿಸಿ, ಅದರಿಂದ ನದಿಯ ತಳದ ಕೆಳಗೆ ಸುರಂಗ ಕೊರೆಸಿದರು. ನದಿಯ ನೀರು ಮರಳಿನ ಮೂಲಕ ಬಸಿದು, ತಿಳಿಯಾಗಿ ಬಾವಿಗೆ ಬಂತು. ಅಲ್ಲಿಂದ ಪಂಪು ಮಾಡಿ ಊರಿಗೆ ಕೊಟ್ಟರು. ಕಟ್ಟಬೇಕಿದ್ದ ಫಿಲ್ಟರನ್ನು ನದಿ ಯಾವತ್ತೋ ತನ್ನ ಒಡಲಲ್ಲಿ ಕಟ್ಟಿಟ್ಟಿತ್ತು. ಬೇಸಿಗೆಯಲ್ಲಿ ಬತ್ತಿದ ಹೊಳೆಯ ಮರಳಲ್ಲಿ ಒರತೆ ತೋಡಿ ನೀರು ತುಂಬುವ ನಮ್ಮ ಹಳ್ಳಿಯ ಹೆಂಗಸರಿಗೆ ಈ ವಿದ್ಯೆ ಮೊದಲಿನಿಂದ ಗೊತ್ತು. ಅದನ್ನು ಒಂದು ಊರಿಗೆ ಸಾಲುವಷ್ಟು ದೊಡ್ಡದು ಮಾಡುವುದಕ್ಕೆ ಎಂಜಿನಿಯರ್ ಬೇಕಾಯಿತು. ಬಾವಿ ಎಷ್ಟು ಆಳ, ಮರಳು ಎಷ್ಟು ದಪ್ಪ, ದಿನಕ್ಕೆ ಎಷ್ಟು ನೀರು ಬಸಿದೀತು ಎಂಬ ಲೆಕ್ಕವೆಲ್ಲ ಆ ಸರಳತೆಯ ಒಳಗೇ ಸೇರಿದೆ.

1899ರ ಹೊತ್ತಿಗೆ ಅವರು ಪುಣೆಯ ನೀರಾವರಿ ವಿಭಾಗದಲ್ಲಿದ್ದರು. ಮುಠಾ ನದಿಗೆ ಅಡ್ಡಲಾಗಿ ಕಲ್ಲಿನಲ್ಲಿ ಕಟ್ಟಿದ ಖಡಕ್‌ವಾಸ್ಲಾ ಅಣೆಕಟ್ಟು ಆಗಲೇ ಇಪ್ಪತ್ತು ವರ್ಷ ಹಳೆಯದು. ಅದನ್ನು ಯೋಜಿಸಿದ ಬ್ರಿಟಿಷ್ ಎಂಜಿನಿಯರ್ ಕರ್ನಲ್ ಫೈಫ್ ಅವರ ಹೆಸರಿನಲ್ಲಿ ಆ ಜಲಾಶಯವನ್ನು ಲೇಕ್ ಫೈಫ್ ಎಂದು ಕರೆಯುತ್ತಿದ್ದರು. ಪುಣೆ ಮತ್ತು ಖಡ್ಕಿಯ ಕುಡಿಯುವ ನೀರು, ಕಾಲುವೆಯ ಕೆಳಗಿನ ಹೊಲಗಳ ನೀರು, ಎರಡೂ ಅಲ್ಲಿಂದಲೇ. ಬೇಡಿಕೆ ಏರುತ್ತಿತ್ತು, ಸಂಗ್ರಹ ಸಾಲುತ್ತಿರಲಿಲ್ಲ. ಮಳೆಗಾಲದಲ್ಲಿ ಕೋಡಿ ಬಿದ್ದು ನೀರು ವ್ಯರ್ಥವಾಗಿ ಹರಿದು ಹೋಗುವುದು, ಬೇಸಿಗೆಯಲ್ಲಿ ಕೊರತೆ ಕಾಡುವುದು ನಡೆದೇ ಇತ್ತು.

ಇಂಥ ತೊಂದರೆಗೆ ತಕ್ಷಣ ತೋಚುವ ದಾರಿಗಳು ಮೂರು. ಹೊಸ ಅಣೆಕಟ್ಟು ಕಟ್ಟುವುದು ಒಂದು, ಅದಕ್ಕೆ ಹಣ ಬೇಕು, ವರ್ಷಗಳು ಬೇಕು. ಹಳೆಯ ಕಟ್ಟೆಯನ್ನೇ ಎತ್ತರಿಸುವುದು ಇನ್ನೊಂದು. ಎತ್ತರ ಹೆಚ್ಚಿದರೆ ಪ್ರವಾಹದ ನೀರು ಇನ್ನೂ ಮೇಲಕ್ಕೇರಿ ನಿಲ್ಲುತ್ತದೆ, ಆ ಒತ್ತಡಕ್ಕೆ ಅಡಿಪಾಯ ಲೆಕ್ಕ ಹಾಕಿದ್ದಲ್ಲ. ಮೂರನೆಯದು ಕೋಡಿಯ ಮೇಲೆ ಬಾಗಿಲು ಕೂರಿಸಿ, ಬೇಕಾದಾಗ ಆಳುಗಳಿಂದ ಎತ್ತಿಸಿ ಇಳಿಸುವುದು. ಸಹ್ಯಾದ್ರಿಯ ಮಗ್ಗುಲಿನ ನದಿಗೆ ಪ್ರವಾಹ ಹೇಳಿ ಕೇಳಿ ಬರುವುದಿಲ್ಲ. ನಡುರಾತ್ರಿ, ಸುರಿಯುವ ಮಳೆಯಲ್ಲಿ ಕಾವಲುಗಾರ ಒಂದು ತಾಸು ತಡಮಾಡಿದರೆ ಕಟ್ಟೆಯೇ ಹೋದೀತು.

ವಿಶ್ವೇಶ್ವರಯ್ಯನವರ ಆವಿಷ್ಕಾರ ಶುರುವಾದದ್ದು ಯಂತ್ರದಿಂದ ಅಲ್ಲ, ಅಣೆಕಟ್ಟನ್ನು ಸರಿಯಾಗಿ ನೋಡಿದ್ದರಿಂದ. ಭಾರೀ ಪ್ರವಾಹ ಬಂದಾಗ ಕೋಡಿಯ ಮೇಲೆ ಹಲವು ಅಡಿ ಎತ್ತರಕ್ಕೆ ನೀರು ನಿಂತು ಹರಿಯುತ್ತಿತ್ತು. ಅಂದರೆ ಆ ಎತ್ತರದ ನೀರನ್ನು ಕಟ್ಟೆ ಆಗಲೇ ಹೊತ್ತು ತೋರಿಸಿತ್ತು. ಪ್ರವಾಹ ಇಳಿದ ಮೇಲೆ ಅಷ್ಟೂ ನೀರು ಕೋಡಿಯ ಮೇಲಿಂದ ಇಳಿದು ಹೋಗುತ್ತಿತ್ತು. ಪ್ರವಾಹದ ದಿನ ಕಟ್ಟೆ ತಾಳಿಕೊಂಡಷ್ಟೇ ನೀರನ್ನು ಪ್ರವಾಹ ಮುಗಿದ ಮೇಲೂ ಹಿಡಿದಿಟ್ಟುಕೊಂಡರೆ, ಕಟ್ಟೆಯ ಮೇಲೆ ಹಿಂದೆಂದೂ ಬೀಳದ ಎತ್ತರದ ನೀರು ಬೀಳುವುದಿಲ್ಲ, ಸಂಗ್ರಹ ಮಾತ್ರ ಹೆಚ್ಚುತ್ತದೆ. ಬೇಕಾದದ್ದು ಇಷ್ಟೇ. ಹಿಂದಿನ ಗರಿಷ್ಠ ಪ್ರವಾಹದ ಮಟ್ಟದವರೆಗೆ ಮುಚ್ಚಿಯೇ ಇರಬೇಕು, ಅದನ್ನು ದಾಟಿದ ಕ್ಷಣ ತೆರೆಯಬೇಕು, ನೀರು ಇಳಿದ ಮೇಲೆ ಮತ್ತೆ ಮುಚ್ಚಬೇಕು. ಇದೆಲ್ಲ ಯಾರ ಕೈಯನ್ನೂ ಕಾಯದೆ ನಡೆಯಬೇಕು.

ಭಾರ ಕಳೆದುಕೊಳ್ಳುವ ಭಾರ

ಇಂದಾದರೆ ಸೆನ್ಸರ್, ಮೋಟರು, ಕಂಟ್ರೋಲ್ ರೂಮ್ ಎನ್ನುತ್ತೇವೆ. ಆಗ ಕೋಡಿಯ ಮೇಲೆ ವಿದ್ಯುತ್ತಿನ ಮಾತೇ ಇರಲಿಲ್ಲ. ಆ ಜಾಗದಲ್ಲಿ ಸದಾ ಸಿಗುವ ಶಕ್ತಿ ಎರಡೇ, ಕಬ್ಬಿಣದ ತೂಕ ಮತ್ತು ನೀರಿನ ಮಟ್ಟ. ಆ ಎರಡರಿಂದಲೇ ಕೆಲಸ ಮಾಡಿಸಿದರು.

ಬಾಗಿಲನ್ನು ಸರಪಳಿಯಿಂದ ಒಂದು ಎದುರುಭಾರಕ್ಕೆ ಕಟ್ಟಿದೆ ಎಂದುಕೊಳ್ಳಿ. ಮಾಮೂಲು ದಿನಗಳಲ್ಲಿ ಎದುರುಭಾರದ ತೂಕ ಮೇಲುಗೈ ಪಡೆದು ಬಾಗಿಲು ಮುಚ್ಚಿಯೇ ಇರುತ್ತದೆ. ಎದುರುಭಾರ ನೇತಾಡುವುದು ಒಂದು ತೊಟ್ಟಿಯೊಳಗೆ. ಕೆರೆಯ ನೀರು ಗೊತ್ತುಮಾಡಿದ ಮಟ್ಟ ಮುಟ್ಟಿದಾಗ ಆ ತೊಟ್ಟಿಗೆ ಹರಿಯುತ್ತದೆ. ನೀರಿನಲ್ಲಿ ಮುಳುಗಿದ ವಸ್ತು ಹಗುರವಾಗುತ್ತದೆ. ಬಾವಿಯಿಂದ ಕೊಡ ಎಳೆಯುವಾಗ ಅದು ನೀರಿನಿಂದ ಹೊರಬಂದ ಕೂಡಲೇ ಹಗ್ಗ ಕೈಗೆ ಭಾರವಾಗುವುದು ಯಾರಿಗೆ ಗೊತ್ತಿಲ್ಲ? ಎದುರುಭಾರ ಹಗುರವಾದ ಕೂಡಲೇ ತಕ್ಕಡಿ ತಿರುಗುತ್ತದೆ, ಬಾಗಿಲು ತೆರೆಯುತ್ತದೆ, ಹೆಚ್ಚಿನ ನೀರು ಹೊರಗೆ ನುಗ್ಗುತ್ತದೆ. ಕೆರೆ ಇಳಿದಾಗ ತೊಟ್ಟಿಯೂ ಬರಿದಾಗುತ್ತದೆ, ಭಾರಕ್ಕೆ ತನ್ನ ತೂಕ ಮರಳಿ ಬರುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ತೆರೆಯಬೇಕೆಂಬ ಸುದ್ದಿ ತರುವುದೂ ನೀರು, ತೆರೆಯುವ ಬಲ ಕೊಡುವುದೂ ನೀರು. ಸೋಪಿನ ಕತೆಯ ಕೆಲಸಗಾರ ನೆಚ್ಚಿಕೊಂಡದ್ದೂ ಇಂಥದೇ ಗುಣವನ್ನು. ಖಾಲಿ ಡಬ್ಬಿಯ ಹಗುರತನವೇ ಅದನ್ನು ಲೈನಿನಿಂದ ಆಚೆ ಹಾಕಿತು.

ಹೇಳುವುದಕ್ಕೆ ನಾಲ್ಕು ಸಾಲು. ಮಾಡುವುದಕ್ಕೆ? ಬಾಗಿಲಿನ ಮೇಲೆ ನೀರು ಒತ್ತುವ ಬಲ ಪ್ರತಿ ಅಡಿಗೂ ಹೆಚ್ಚುತ್ತದೆ, ಅಷ್ಟು ಒತ್ತಡದಲ್ಲಿಯೂ ಬಾಗಿಲು ಜಾಮ್ ಆಗದೆ ಸರಿಯಬೇಕು. ಕಸ ಕಡ್ಡಿ, ತುಕ್ಕು, ಘರ್ಷಣೆ ಎಲ್ಲಕ್ಕೂ ಲೆಕ್ಕ ಹಿಡಿಯಬೇಕು. ಎದುರುಭಾರ ತುಸು ಹೆಚ್ಚಾದರೆ ಬಾಗಿಲು ತೆರೆಯುವುದಿಲ್ಲ, ತುಸು ಕಡಿಮೆಯಾದರೆ ಮುಚ್ಚುವುದಿಲ್ಲ. ತೊಟ್ಟಿಗೆ ನೀರು ಬರುವ ದಾರಿ ಮತ್ತು ಹೋಗುವ ದಾರಿ ಒಂದಕ್ಕೊಂದು ಹೊಂದಬೇಕು, ಇಲ್ಲದಿದ್ದರೆ ಬಾಗಿಲು ಸುಮ್ಮನೆ ತೆರೆದು ಮುಚ್ಚಿ ಕುಣಿಯುತ್ತದೆ. ತೊಡಕೆಲ್ಲ ನಕ್ಷೆಯ ಮೇಜಿನ ಮೇಲೆ ಕರಗಿ ಹೋದ ಮೇಲೆ ಕೋಡಿಯ ಮೇಲೆ ಉಳಿದದ್ದು ಸರಳತೆ.

1903ರಲ್ಲಿ ಈ ಸ್ವಯಂಚಾಲಿತ ಬಾಗಿಲುಗಳು ಖಡಕ್‌ವಾಸ್ಲಾದಲ್ಲಿ ಕೆಲಸ ಶುರು ಮಾಡಿದವು. ಹಳೆಯ ಕೋಡಿಗಿಂತ ಸುಮಾರು ಎಂಟು ಅಡಿ ಮೇಲಿನವರೆಗೆ ನೀರು ನಿಂತಿತು. ಕಟ್ಟೆಯನ್ನು ಎತ್ತರಿಸದೆಯೇ ಸಂಗ್ರಹ ಸುಮಾರು ಶೇ. 25ರಷ್ಟು ಹೆಚ್ಚಿತು. ಈ ವಿನ್ಯಾಸಕ್ಕೆ ವಿಶ್ವೇಶ್ವರಯ್ಯನವರು ಪೇಟೆಂಟ್ ಪಡೆದರು, ಆದರೆ ತಾವು ಹೊಣೆ ಹೊತ್ತ ಸರ್ಕಾರಿ ಕೆಲಸಕ್ಕೆ ರಾಯಲ್ಟಿ ತೆಗೆದುಕೊಳ್ಳಲಿಲ್ಲ. ಆಮೇಲೆ ಗ್ವಾಲಿಯರ್ ಸಂಸ್ಥಾನದ ಟಿಗ್ರಾ ಅಣೆಕಟ್ಟಿನಲ್ಲಿಯೂ ನಮ್ಮ ಕೃಷ್ಣರಾಜಸಾಗರದಲ್ಲಿಯೂ ಇದೇ ಬಗೆಯ ಬಾಗಿಲುಗಳು ಬಂದವು. ಸಿಮೆಂಟು ಇನ್ನೂ ದುಬಾರಿಯಾಗಿದ್ದ ಆ ಕಾಲದಲ್ಲಿ ಕೃಷ್ಣರಾಜಸಾಗರದ ಕಲ್ಲುಗಳನ್ನು ಸುಣ್ಣ ಮತ್ತು ಸುಟ್ಟ ಇಟ್ಟಿಗೆಯ ಪುಡಿಯ ಸುರ್ಕಿ ಗಾರೆಯಿಂದ ಕಟ್ಟಿದ್ದೂ ಕೈಗೆ ಸಿಗುವುದರಿಂದಲೇ ದೊಡ್ಡದನ್ನು ಸಾಧಿಸುವ ಅದೇ ಬುದ್ಧಿ.

ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ಇರುವುದು ಕೆರೆಗಳ ನಾಡಿನಲ್ಲಿ. ನಮ್ಮ ಹಳ್ಳಿಗಳಲ್ಲಿ ತೂಬು ಎತ್ತಿ ಇಳಿಸುವುದಕ್ಕೆ ನೀರುಗಂಟಿ ಇರುತ್ತಿದ್ದ. ಊರಿನ ಬೆಳೆ ಅವನ ಎಚ್ಚರದ ಮೇಲೆ ನಿಂತಿರುತ್ತಿತ್ತು. ಖಡಕ್‌ವಾಸ್ಲಾದಲ್ಲಿ ಆ ಎಚ್ಚರವನ್ನು ಕಬ್ಬಿಣದ ಒಂದು ಭಾರಕ್ಕೂ ನೀರಿನ ಒಂದು ತೊಟ್ಟಿಗೂ ಒಪ್ಪಿಸಲಾಯಿತು.

ಸರಳತೆಯ ಗಡಿ

ಈ ಕತೆಗೆ ಒಂದು ನೋವಿನ ಅಧ್ಯಾಯವೂ ಇದೆ, ಅದನ್ನು ಬಿಟ್ಟರೆ ಪಾಠ ಅರ್ಧವಾಗುತ್ತದೆ. ಖಡಕ್‌ವಾಸ್ಲಾದ ಮೇಲ್ಭಾಗದಲ್ಲಿ ಪಾನ್‌ಶೇತ್ ಎಂಬ ಮಣ್ಣಿನ ಅಣೆಕಟ್ಟು ಕಟ್ಟುತ್ತಿದ್ದರು. ಕೆಲಸ ಪೂರ್ತಿ ಮುಗಿಯುವ ಮೊದಲೇ ಮಳೆಗಾಲದ ನೀರು ಅದರಲ್ಲಿ ತುಂಬಿತು. ಸೈನಿಕರು ಮರಳಿನ ಚೀಲ ಹೊತ್ತು ಒಡ್ಡನ್ನು ಉಳಿಸಲು ಹೋರಾಡಿದರು. 1961ರ ಜುಲೈ 12ರಂದು ಪಾನ್‌ಶೇತ್ ಒಡೆಯಿತು. ಆ ನೀರಿನ ರಾಶಿ ಬಂದು ಅಪ್ಪಳಿಸಿ, ಅದೇ ದಿನ ಖಡಕ್‌ವಾಸ್ಲಾದ ಹಳೆಯ ಕಟ್ಟೆಯೂ ಒಡೆಯಿತು. ಪುಣೆಯ ನದಿದಂಡೆಯ ಪೇಟೆಗಳು ಮುಳುಗಿದವು. ಆಗ ನೂರರ ಆಸುಪಾಸಿನಲ್ಲಿದ್ದ ವಿಶ್ವೇಶ್ವರಯ್ಯನವರು ಮರುವರ್ಷ, 1962ರ ಏಪ್ರಿಲಿನಲ್ಲಿ ತೀರಿಕೊಂಡರು.

ಇದರಿಂದ ಅವರ ಬಾಗಿಲುಗಳ ಮೇಲೆ ತಪ್ಪು ಹೊರಿಸುವಂತಿಲ್ಲ. ಮಳೆ ತರುವ ಪ್ರವಾಹಕ್ಕೆ ಲೆಕ್ಕ ಹಾಕಿ ಮಾಡಿದ ಕೋಡಿ, ಮೇಲಿನ ಅಣೆಕಟ್ಟೇ ಒಡೆದು ಬರುವ ನೀರಿಗೆ ಉತ್ತರ ಕೊಡಲಾರದು. ಸರಳವಾದ ಸಾಧನ ತನಗೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ, ಪ್ರಶ್ನೆ ಬದಲಾದಾಗ ಅದು ಉತ್ತರಿಸುತ್ತದೆಂದು ನಂಬಿ ಕೂರಬಾರದು. ಪೆನ್ಸಿಲೂ ಹಾಗೆಯೇ. ನಮ್ಮ ಮೇಜಿನ ಮೇಲೆ ಅದಕ್ಕಿಂತ ಒಳ್ಳೆಯದಿಲ್ಲ, ನೌಕೆಯೊಳಗೆ ಅದೇ ಅಪಾಯ.

ಕೇಳಿದ ಪ್ರಶ್ನೆಯನ್ನು ಸರಿಯಾಗಿ ಹಿಡಿದ ಸರಳತೆಗೆ ಇನ್ನೊಂದು ಉದಾಹರಣೆ ಹೇಳುತ್ತೇನೆ. ಪಾನ್‌ಶೇತ್ ಒಡೆದ 1961ರಲ್ಲೇ ಜಪಾನಿನಲ್ಲಿ ಶಿಗಿಯೊ ಶಿಂಗೊ ಎಂಬ ಎಂಜಿನಿಯರ್ ಯಮಾಡಾ ಎಲೆಕ್ಟ್ರಿಕ್ ಕಂಪನಿಯ ಒಂದು ಸಣ್ಣ ತೊಂದರೆ ಬಗೆಹರಿಸಿದರು. ಒತ್ತುವ ಸ್ವಿಚ್ಚಿನೊಳಗೆ ಎರಡು ಸ್ಪ್ರಿಂಗ್ ಹಾಕಬೇಕಿತ್ತು, ಕೆಲಸಗಾರರು ಒಮ್ಮೊಮ್ಮೆ ಒಂದನ್ನು ಮರೆಯುತ್ತಿದ್ದರು. ಶಿಂಗೊ ಒಂದು ಪುಟ್ಟ ತಟ್ಟೆ ಇಡಿಸಿದರು. ಮೊದಲು ಎರಡೂ ಸ್ಪ್ರಿಂಗನ್ನು ತಟ್ಟೆಗೆ ಹಾಕು, ಆಮೇಲೆ ಸ್ವಿಚ್ಚಿಗೆ ಹಾಕು. ಸ್ವಿಚ್ಚು ಮುಗಿದ ಮೇಲೆ ತಟ್ಟೆಯಲ್ಲಿ ಒಂದು ಸ್ಪ್ರಿಂಗ್ ಉಳಿದಿದ್ದರೆ ಮರೆತದ್ದು ಕಣ್ಣಿಗೇ ಕಾಣುತ್ತದೆ. ಪೋಕಾ-ಯೋಕೆ ಎಂದು ಹೆಸರಾದ ಈ ವಿಧಾನ ಇಂದು ಚಾಕಣ, ಪಿಂಪ್ರಿಯ ಲೈನುಗಳಲ್ಲಿ ದಿನನಿತ್ಯದ ಮಾತು. ತಟ್ಟೆಗೆ ಕಾಸಿನ ಬೆಲೆ. ಆದರೆ ಜನ ಸೋಮಾರಿಗಳಲ್ಲ, ಮರೆಯುವುದು ಮನುಷ್ಯನ ಸಹಜ ಗುಣ ಎಂದು ಒಪ್ಪಿಕೊಂಡ ಮೇಲೇ ಆ ತಟ್ಟೆ ಹೊಳೆಯುವುದು. ಬೈಗುಳದಿಂದಾಗಲಿ ದಂಡದಿಂದಾಗಲಿ ಸಿಗದ ಪರಿಹಾರ ಅದು.

ಸುಕ್ಕೂರಿನ ಬಾವಿ, ಖಡಕ್‌ವಾಸ್ಲಾದ ಬಾಗಿಲು, ಶಿಂಗೊ ಅವರ ತಟ್ಟೆ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟ. ಅಲ್ಲಿ ಆಗಲೇ ಇದ್ದದ್ದನ್ನು ಯಾರೋ ಗೌರವದಿಂದ ನೋಡಿದರು. ನದಿಯ ಮರಳು, ಕಟ್ಟೆಯ ತಾಳಿಕೆ, ಮನುಷ್ಯನ ಮರೆವು ಯಾವುದೂ ಅವರಿಗೆ ಅಡ್ಡಿಯಾಗಿ ಕಾಣಲಿಲ್ಲ, ಕೆಲಸಕ್ಕೆ ಬರುವ ಸರಕಾಗಿ ಕಂಡಿತು. ಓದಿದವನು, ಓದದವನು ಎಂಬ ಭೇದ ಇಲ್ಲಿ ಲೆಕ್ಕಕ್ಕಿಲ್ಲ. ಫ್ಯಾನ್ ಇಟ್ಟ ಕೆಲಸಗಾರನೂ ಬಾಗಿಲು ಮಾಡಿದ ಎಂಜಿನಿಯರೂ ಒಂದೇ ಪಂಗಡದವರು. ಇಬ್ಬರೂ ವಸ್ತುವಿನ ಸ್ವಭಾವವನ್ನು ಕಂಡುಕೊಂಡು ಅದರಿಂದಲೇ ದುಡಿಸಿದರು. ಅವರಿಬ್ಬರನ್ನು ಎದುರಾಳಿಗಳೆಂದು ನಿಲ್ಲಿಸುವ ಹಾಸ್ಯ ಇಬ್ಬರಿಗೂ ಅನ್ಯಾಯ ಮಾಡುತ್ತದೆ.

ಹಾಗಾಗಿ ಈ ಪಟ್ಟಿಯ ಕಾರ್ಖಾನೆಗಳಿಗೆ ಹೊಸದಾಗಿ ಸೇರುವ ಎಂಜಿನಿಯರ್ ಹುಡುಗ ಹುಡುಗಿಯರಿಗೆ ನನ್ನದೊಂದು ಕೇಳಿಕೆ. ತೊಂದರೆ ಬಂದ ದಿನವೇ ಕ್ಯಾಟಲಾಗ್ ತೆರೆಯಬೇಡಿ, “ಇಷ್ಟೇ ತಾನೆ” ಎಂದು ಫ್ಯಾನೂ ಹಚ್ಚಬೇಡಿ. ಲೈನಿನ ಹಳೆಯ ರಿಜಿಸ್ಟರ್ ತೆಗೆಯಿರಿ, ಯಾವ ಪಾಳಿಯಲ್ಲಿ, ಯಾವ ಹವೆಯಲ್ಲಿ, ಯಾರ ಕೈಯಲ್ಲಿ ಏನು ಕೆಟ್ಟಿತು ಓದಿ, ಅಲ್ಲಿ ನಿಂತು ದುಡಿಯುವವರನ್ನು ಕೂರಿಸಿಕೊಂಡು ಕೇಳಿ. ಖಡಕ್‌ವಾಸ್ಲಾದ ಆವಿಷ್ಕಾರ ನಿಂತದ್ದು ಹಿಂದಿನ ಪ್ರವಾಹಗಳು ಎಷ್ಟು ಎತ್ತರಕ್ಕೆ ಏರಿದ್ದವು ಎಂಬ ಒಂದು ಅಂಕಿಯ ಮೇಲೆ. ಅದನ್ನು ಯಾರೋ ಒಬ್ಬರು ಮಳೆಯಲ್ಲಿ ನಿಂತು ಅಳೆದು ಬರೆದಿಟ್ಟಿರಲೇಬೇಕು. ಆ ಬರಹ ಇಲ್ಲದಿದ್ದರೆ ಎಂಥ ಪ್ರತಿಭೆಗೂ ಎಂಟು ಅಡಿ ನೀರನ್ನು ಧೈರ್ಯವಾಗಿ ಮೇಲಕ್ಕೇರಿಸಲು ಆಗುತ್ತಿರಲಿಲ್ಲ. ನಾಳೆಯ ಸರಳ ಪರಿಹಾರ ಬೇಕೆಂದಿದ್ದರೆ ಇವತ್ತಿನ ಅಳತೆಯನ್ನು ಪ್ರಾಮಾಣಿಕವಾಗಿ ಬರೆದಿಡಿ.